ಶರಣವ್ವನವರ ಅಂಗಳದ ನೆಲಸಂಪಿಗೆ

ಮೊನ್ನೆ ಗುಲಬರ್ಗಾದಲ್ಲಿ ಹಳೆಯ ಶಿಷ್ಯನೊಬ್ಬನ ಮನೆಗೆ ಹೋಗಿದ್ದೆ. ಮೆಟ್ಟಿಲ ಪಕ್ಕದಲ್ಲಿ ಒಂದು ಮಣ್ಣಿನ ಕುಂಡ. ಒಳಗೆ ಗಿಡ ಇಲ್ಲ, ಬಳ್ಳಿ ಇಲ್ಲ, ಬರೀ ಮಣ್ಣು. ಅವನ ಹೆಂಡತಿ ನನಗೆ ಚಹಾ ಕೊಟ್ಟವಳು, ತಂಬಿಗೆಯಲ್ಲಿ ಮಿಕ್ಕಿದ್ದ ನೀರನ್ನು ಆ ಕುಂಡಕ್ಕೆ ಸುರಿದಳು. ಅದರಲ್ಲಿ ಏನಿದೆ ಎಂದು ಕೇಳಿದೆ. "ನೆಲಸಂಪಿಗಿ ಅದರಿ ಸರ್. ಎಲಿ ಎಲ್ಲಾ ಒಣಗಿ ಹೋಗ್ಯಾವ. ಅದಕ್ಕ ದಿನಾ ಎರಡು ಹೊತ್ತು ನೀರು ಹಾಕ್ಲಿಕತ್ತೀನಿ" ಎಂದಳು. ಎಲ್ಲಿತ್ತೋ ಸಿಟ್ಟು. "ಹಾಕಬ್ಯಾಡಮ್ಮಾ, ಅದು ಸತ್ತಿಲ್ಲ, ಮಲಗೇದ" ಎಂದು ಗದರಿಸಿಬಿಟ್ಟೆ. ಆಕೆ ಗಾಬರಿಯಾಗಿ ಗಂಡನ ಮುಖ ನೋಡಿದಳು. ಮುದುಕರಿಗೆ ಹೀಗಾಗುತ್ತದೆ ಎಂದುಕೊಂಡಿರಬೇಕು. ಆ ಸಿಟ್ಟು ಆಕೆಯ ಮೇಲಿನದಲ್ಲ, ನಲವತ್ತು ವರ್ಷ ದಾಟಿದ ಹಳೆಯ ಸಿಟ್ಟು ಎಂದು ಅವರಿಗೆ ಹೇಗೆ ಹೇಳಲಿ.

ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ ಮೂರು ವರ್ಷ ಆಗಿತ್ತು. ನನಗೆ ಚಿತ್ತಾಪುರದ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ನಾನು ಕಲಿತದ್ದೆಲ್ಲ ಉರ್ದುವಿನಲ್ಲಿ, ಕಲಿಸಬೇಕಾದದ್ದು ಕನ್ನಡದಲ್ಲಿ. ಹಿಂದಿನ ದಿನ ಸಂಜೆ ಪಾಠವನ್ನು ನಾನೇ ಓದಿಕೊಂಡು ಮರುದಿನ ಮಕ್ಕಳ ಮುಂದೆ ಎಲ್ಲ ಗೊತ್ತಿದ್ದವನಂತೆ ನಿಲ್ಲುತ್ತಿದ್ದೆ. ಆದರೆ ಅದಕ್ಕಿಂತ ದೊಡ್ಡ ತಾಪತ್ರಯ ಇರಲು ಒಂದು ಖೋಲಿ ಹುಡುಕುವುದು. ನಮ್ಮದು ಚಿಮ್ಮನಚೋಡದ ಹೊಳೆಯ ದಂಡೆಯ ಮನೆ. ಅಪ್ಪ ಇರುವವರೆಗೆ ಹರಗೋಲು ನಡೆಸಿದವನು. ಚಿತ್ತಾಪುರದಲ್ಲಿ ಐದು ಮನೆ ಕೇಳಿದೆ. ಐದರಲ್ಲೂ ಮೊದಲು ಹೆಸರು ಕೇಳಿದರು, ಆಮೇಲೆ ಊರು, ಆಮೇಲೆ ಅಪ್ಪನ ಕೆಲಸ. ಹರಗೋಲು ಎಂಬ ಮಾತು ಬಂದ ಕೂಡಲೇ ಆ ಖೋಲಿಗೆ ಯಾರೋ ನೆಂಟರು ಬರುವವರಿದ್ದಾರೆ ಎಂದು ಅವರಿಗೆ ನೆನಪಾಗುತ್ತಿತ್ತು.

ಆರನೆಯ ಮನೆ ಶರಣವ್ವನವರದು. ಐವತ್ತರ ಆಚೆಯ ವಿಧವೆ, ಹಣೆಯ ತುಂಬ ವಿಭೂತಿ, ಮಾತು ನೇರ. ಆಕೆ ಕೇಳುವ ಮೊದಲೇ ನಾನೇ ಎಲ್ಲ ಹೇಳಿಬಿಟ್ಟೆ, ನಡೆದು ನಡೆದು ಸಾಕಾಗಿತ್ತು. ಆಕೆ ಕೇಳಿಸಿಕೊಂಡು, "ಇದು ಬಸವಣ್ಣನ ಮನೀರಿ ಮಾಸ್ತರ. ಖೋಲಿ ಖಾಲಿ ಅದ, ಇರ್ರಿ. ಅಡಗಿ ಮನಿಗಿ, ಪೂಜಿ ಖೋಲಿಗಿ ಮಾತ್ರ ಬರಬ್ಯಾಡ್ರಿ" ಎಂದರು. ನನಗೆ ಅದು ಅಪಮಾನ ಅನ್ನಿಸಲೇ ಇಲ್ಲ. ತಲೆಯ ಮೇಲೆ ಸೂರು ಸಿಕ್ಕಿತಲ್ಲ ಎಂದು ಕಾಲಿಗೆ ಬೀಳುವುದೊಂದು ಬಾಕಿ. ಇದನ್ನು ಇಷ್ಟು ಉದ್ದ ಯಾಕೆ ಹೇಳಿದೆ ಎಂದರೆ, ಮುಂದೆ ಒಂದು ಸಣ್ಣ ಮಾತು ಹೇಳಲಾರದೆ ನಾನು ಹಲ್ಲು ಕಚ್ಚಿಕೊಂಡು ಕೂತದ್ದಕ್ಕೆ ಇದೇ ಕಾರಣ.

ಆ ಸಲ ಶ್ರಾವಣದಲ್ಲಿ ಹೊಳೆ ಉಕ್ಕಿ ನಮ್ಮ ಹಿತ್ತಲಿಗೆ ಬಂದು ನಾಲ್ಕು ದಿನ ನಿಂತಿತ್ತು. ಸುದ್ದಿ ತಿಳಿದು ಊರಿಗೆ ಹೋದರೆ ಅವ್ವ ಹಿತ್ತಲಿನ ಹುಣಸೆ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಸರು ಬಗೆಯುತ್ತಿದ್ದಳು. ಗೋಡೆ ಬಿದ್ದಿತ್ತು, ಅದರ ಕಡೆ ಆಕೆಯ ಲಕ್ಷ್ಯವಿಲ್ಲ. ಆಕೆ ಹುಡುಕುತ್ತಿದ್ದದ್ದು ನೆಲಸಂಪಿಗೆಯ ಗಡ್ಡೆ.

ಅವ್ವನ ತವರು ಕೊಂಚಾವರಂ ಕಾಡಿನ ಅಂಚಿನ ಊರು. ಅಲ್ಲಿ ದೊಡ್ಡ ಮರಗಳ ಕೆಳಗೆ, ಬಿಸಿಲು ಚೂರುಚೂರಾಗಿ ಬೀಳುವಲ್ಲಿ ಈ ಗಿಡ ತಾನಾಗಿ ಹುಟ್ಟುತ್ತಿತ್ತು. ಮೊಳಕಾಲೆತ್ತರ, ಅಗಲ ಎಲೆ, ಮೇಲೆ ಹಸಿರಿನಲ್ಲೇ ತಿಳಿ ಪಟ್ಟೆ, ಎಲೆಯ ಅಡಿ ನೇರಳೆ. ಮಳೆ ನಿಂತು ಚಳಿ ಬಿದ್ದರೆ ಎಲೆಯೆಲ್ಲ ಒಣಗಿ ಮಾಯವಾಗುತ್ತದೆ. ಅಲ್ಲಿ ಗಿಡ ಇತ್ತು ಎನ್ನುವ ಗುರುತೂ ಉಳಿಯುವುದಿಲ್ಲ. ಆಮೇಲೆ ಸುಡು ಬೇಸಿಗೆಯಲ್ಲಿ, ಒಂದೆಲೆಯೂ ಇಲ್ಲದ ಬರಿ ನೆಲ ಸೀಳಿಕೊಂಡು ಬಿಳಿ, ತಿಳಿನೇರಳೆ ಹೂವು ಏಳುತ್ತದೆ. ಗಡ್ಡೆ ಮುರಿದರೆ ಶುಂಠಿಯೂ ಹೌದು, ಕರ್ಪೂರವೂ ಹೌದು ಎನ್ನುವಂಥ ವಾಸನೆ. ಮದುವೆಯಾಗಿ ಬರುವಾಗ ಅವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳಂತೆ.

ಊರಲ್ಲಿ ಮಕ್ಕಳಿಗೆ ಗದ್ದಬಾವು ಬಂದು ಕೆನ್ನೆ ಊದಿಕೊಂಡರೆ ಆ ಗಡ್ಡೆ ತೇಯ್ದು ಹಚ್ಚುತ್ತಿದ್ದಳು. ಅದರಿಂದ ಎಷ್ಟು ವಾಸಿಯಾಗುತ್ತಿತ್ತೋ, ತಾನಾಗಿ ಎಷ್ಟು ವಾಸಿಯಾಗುತ್ತಿತ್ತೋ ನನಗೆ ಗೊತ್ತಿಲ್ಲ. ಜನ ಮಾತ್ರ ನಂಬಿದ್ದರು. ನಮ್ಮ ಕೈಯ ನೀರು ಮುಟ್ಟದ ಮನೆಗಳವರು ಮಗುವನ್ನು ಎತ್ತಿಕೊಂಡು ನಮ್ಮ ಬಾಗಿಲಿಗೆ ಬರುತ್ತಿದ್ದರು. ಗೌಡರ ಮನೆಯಿಂದ ಕರೆ ಬಂದರೆ ಅವ್ವ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಅವರ ಪಡಸಾಲೆಯಲ್ಲಿ ಕೂತು ಅವರ ಮೊಮ್ಮಗನ ಕೆನ್ನೆ ಮುಟ್ಟಿ ಬರುತ್ತಿದ್ದಳು. ಬೇರೆ ದಿನ ಆ ಪಡಸಾಲೆಯ ಮೆಟ್ಟಿಲು ಆಕೆ ಹತ್ತುವಂತಿರಲಿಲ್ಲ. ಊರಲ್ಲಿ ಆಕೆಗೆ ಇದ್ದ ಮಾನವೆಲ್ಲ ಆ ಗಡ್ಡೆಯದು.

ಕೆಸರಿನಿಂದ ಆಕೆ ಉಳಿಸಿಕೊಂಡದ್ದು ಒಂದು ಹಿಡಿ. ಉಳಿದದ್ದೆಲ್ಲ ಕೊಳೆತಿತ್ತು. ತವರಿನಿಂದ ತರೋಣವೆಂದರೆ ಆ ಮರಗಳನ್ನೆಲ್ಲ ಇದ್ದಿಲಿಗೆಂದು ಕಡಿದು, ನೆಲ ಬಿಸಿಲಿಗೆ ಬಿದ್ದಿತ್ತು. ಅದಕ್ಕೂ ಹಿಂದಿನ ಎರಡು ಮಳೆಗಾಲ ಹೋಗಿ ಹುಡುಕಿ ಬರಿಬುಟ್ಟಿ ಹೊತ್ತು ಬಂದಿದ್ದಳು. "ತಮ್ಮಾ, ಈ ಹೊಳಿ ನನಗ ನಂಬಿಗಿ ಇಲ್ಲ. ಮತ್ತೊಮ್ಮಿ ಬಂದ್ರ ಇದೂ ಹೋಗ್ತದ. ನಿಮ್ಮ ಚಿತ್ತಾಪುರ ಕಲ್ಲು ನೆಲ, ನೀರು ನಿಲ್ಲಂಗಿಲ್ಲ. ಒಂದು ವರ್ಷ ಇಟ್ಟುಕೋ. ನಾ ಅಷ್ಟರಾಗ ಎತ್ತರದಾಗ ಒಂದು ಕಟ್ಟಿ ಕಟ್ಟಿಸ್ತೀನಿ. ಮುಂದಿನ ಮುಂಗಾರಿಗಿ ಮೊದಲ ಬಂದು ಒಯ್ತೀನಿ" ಎಂದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದು, "ಎಲಿ ಒಣಗಿದ ಮ್ಯಾಲ ಒಂದು ಹನಿ ನೀರು ಹಾಕಬ್ಯಾಡ. ಇಣಿಕಿ ನೋಡಬ್ಯಾಡ, ಕೆದರಬ್ಯಾಡ. ಮಕ್ಕೊಂಡದ್ದು ಮಕ್ಕೊಳ್ಳಿ" ಎಂದು ಎರಡು ಸಲ ಹೇಳಿದಳು.

ಶರಣವ್ವನವರ ಅಂಗಳಕ್ಕೆಲ್ಲ ಶಹಾಬಾದಿನ ಫರಸಿ ಕಲ್ಲು ಹಾಸಿತ್ತು. ಬೇವಿನ ಮರದ ಬುಡದಲ್ಲಿ ಮಾತ್ರ ಒಂದಿಷ್ಟು ಮಣ್ಣು. ಅದರ ಪಕ್ಕದ ಒಂದು ಒಡಕು ಫರಸಿ ಎತ್ತಿಕೊಳ್ಳಲೇ ಎಂದು ಕೇಳಿದೆ. ಅವರು ಸಂತೋಷದಿಂದ ಒಪ್ಪಿದರು. ಕೆಳಗೆ ಅಂಟು ಕರಿಮಣ್ಣು. ಅದನ್ನು ಮೊಳದುದ್ದ ತೆಗೆದು, ಕಾಗಿಣಾ ಹೊಳೆಯ ಉಸುಕು ತಂದು ಬೆರೆಸಿ, ಕೊಳೆತ ಎಲೆಯ ಮಣ್ಣು ತುಂಬಿದೆ. ಗಡ್ಡೆಗಳನ್ನು ಕಣ್ಣು ಮೇಲೆ ಮಾಡಿ, ಎರಡು ಬೆರಳಿನ ಆಳಕ್ಕೆ ಇಟ್ಟೆ. ಮೇಲೆ ಒಣ ಎಲೆ ಹೊದಿಸಿದೆ. ಜೀವಮಾನದಲ್ಲಿ ನಾನು ಅಷ್ಟು ಕಾಳಜಿಯಿಂದ ಮಾಡಿದ ಕೆಲಸ ಬೇರೊಂದಿಲ್ಲ. ನೆಟ್ಟ ಹತ್ತು ದಿನಕ್ಕೆ ಎಲೆಗಳು ತಲೆ ಎತ್ತಿದವು. ಶಾಲೆಯಿಂದ ಬಂದವನೇ ಮೊದಲು ಅಲ್ಲಿ ಕೂರುತ್ತಿದ್ದೆ. ಶರಣವ್ವನವರೂ ಬಂದು, "ಎಲಿ ಮ್ಯಾಲ ಯಾರೋ ಕಸೂತಿ ಹಾಕಿದಂಗ ಅದ ನೋಡ್ರಿ" ಎಂದು ಮೆಚ್ಚುತ್ತಿದ್ದರು. ದೀಪಾವಳಿಯವರೆಗೆ ನಾನು ಸುಖವಾಗಿದ್ದೆ.

ಕಾರ್ತಿಕದ ಕೊನೆಗೆ ಎಲೆಯ ಅಂಚು ಹಳದಿಯಾಯಿತು. ಆಗಬೇಕಾದದ್ದೇ ಅದು. ಆದರೆ ಶರಣವ್ವನವರಿಗೆ ಸಂಕಟ ಶುರುವಾಯಿತು. "ಮಾಸ್ತರ, ಗಿಡ ಸಾಯ್ಲಿಕತ್ತದಲ್ರಿ" ಎಂದರು.

"ಸಾಯಂಗಿಲ್ರಿ ಅವ್ವಾರ. ಚಳಿಗಾಲದಾಗ ಮಕ್ಕೊತದ. ಬ್ಯಾಸಗಿಗಿ ಹೂ ಬಿಡ್ತದ."

"ಎಲಿನೇ ಇಲ್ಲದ ಹೂ ಹ್ಯಾಂಗ ಬಿಡ್ತದ್ರಿ? ನೀವು ಸಣ್ಣವ್ರು, ನಿಮಗ ಗೊತ್ತಾಗಂಗಿಲ್ಲ."

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ನಿಂತಿದ್ದೆ. ಶರಣವ್ವನವರು ಪೂಜೆ ಮುಗಿಸಿ ಹೊರಗೆ ಬಂದರು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಅಭಿಷೇಕ ಮಾಡಿದ ನೀರು ಹಿತ್ತಾಳೆಯ ತಾಟಿನಲ್ಲಿ ಸೇರಿರುತ್ತದೆ. ಆ ನೀರು ಯಾರ ಕಾಲಿಗೂ ಸಿಗಬಾರದು. ಅದಕ್ಕೇ ಅವರು ದಿನವೂ ಅದನ್ನು ಬಾವಿಯ ಹತ್ತಿರದ ಮಲ್ಲಿಗೆಯ ಬುಡಕ್ಕೆ ಸುರಿಯುತ್ತಿದ್ದರು. ಅಂದು ಮಲ್ಲಿಗೆಯನ್ನು ದಾಟಿ ಬಂದು, ತಾಟು ಬಗ್ಗಿಸಿ, ಅಷ್ಟೂ ನೀರನ್ನು ನನ್ನ ನೆಲಸಂಪಿಗೆಗೆ ಸುರಿದರು. ಕಣ್ಣು ಮುಚ್ಚಿ ಏನೋ ಅಂದುಕೊಂಡರು. ನನ್ನ ಕಡೆ ನೋಡಿ, "ಇನ್ನ ಚಿಂತಿ ಬಿಡ್ರಿ" ಎಂದರು. ನನ್ನ ಬಾಯಲ್ಲಿ ಬೇವಿನ ಕಡ್ಡಿ ಹಾಗೇ ಉಳಿಯಿತು.

ಸಾದಾ ನೀರಾಗಿದ್ದರೆ ಬೇಡ ಎನ್ನಬಹುದಿತ್ತು. ಇದಕ್ಕೆ ಬೇಡ ಎನ್ನುವುದು ಹೇಗೆ? ಲಿಂಗದ ಮೇಲಿಂದ ಇಳಿದ ನೀರು ಗಿಡ ಕೊಲ್ಲುತ್ತದೆ ಎಂದು ಯಾರಾದರೂ ಹೇಳಬಹುದೇ? ಹೇಳುವುದಾದರೂ ಯಾರು, ಹರಗೋಲಿನವನ ಮಗ, ಅವರ ಮನೆಯಲ್ಲೇ ಇದ್ದುಕೊಂಡು. ಆದರೂ ಒಂದು ದಿನ ಧೈರ್ಯ ಮಾಡಿ, "ಅವ್ವಾರ, ಅದಕ್ಕ ಈಗ ನೀರು ಆಗಂಗಿಲ್ಲಂತ್ರಿ, ನಮ್ಮವ್ವ ಹೇಳ್ಯಾಳ" ಎಂದೆ. ಅವರು ನಕ್ಕರು. "ಹೊಳಿ ನೀರು ಆಗಿರಲಿಕ್ಕಿಲ್ಲ. ಇದು ದೇವರ ನೀರ್ರಿ. ಇದು ಆಗಲಾರದ ಜೀವ ಎಲ್ಲಿ ಅದ?" ಎಂದರು. 

ಮಾತಿನಿಂದ ಆಗದ್ದಕ್ಕೆ ಉಪಾಯ ಹುಡುಕಿದೆ. ಆ ಜಾಗದ ಮೇಲೆ ಒಂದು ಫರಸಿ ಚೂರನ್ನು ಓರೆಯಾಗಿ ಇಟ್ಟೆ, ನೀರು ಪಕ್ಕಕ್ಕೆ ಜಾರಲಿ ಎಂದು. ಮರುದಿನ ಅದನ್ನು ಅವರೇ ಎತ್ತಿಟ್ಟು, "ಯಾರೋ ಕಲ್ಲು ಇಟ್ಟಾರ ನೋಡ್ರಿ, ನೀರು ಒಳಗ ಹ್ಯಾಂಗ ಹೋಗಬೇಕು" ಎಂದು ನನಗೇ ದೂರು ಹೇಳಿದರು. ಪಕ್ಕದಲ್ಲಿ ಬೆರಳಗಲದ ಕಾಲುವೆ ಮಾಡಿದೆ. ನೀರು ಹರಿದು ಅಂಗಳಕ್ಕೆ ಬಂದು ಕಾಲಿಗೆ ಸಿಗುತ್ತದೆ ಎಂದು ಅದನ್ನು ಮಣ್ಣಿನಿಂದ ಮುಚ್ಚಿದರು. ಸಂತೆಯಿಂದ ಒಂದು ಕಣಗಿಲೆ ಸಸಿ ತಂದು ಬಾವಿಯ ಹತ್ತಿರ ನೆಟ್ಟು, ದೇವರ ಹೂವಿನ ಗಿಡ, ಇದಕ್ಕೆ ಹಾಕಿರಿ ಎಂದೆ. ಭಾಳ ಛಲೋ ಆಯಿತು ಎಂದು ಅದಕ್ಕೆ ಸಂಜೆಯ ಪೂಜೆಯ ನೀರು ಹಾಕತೊಡಗಿದರು. ಬೆಳಿಗ್ಗೆಯದು ನನ್ನ ಗಿಡಕ್ಕೇ ಕಾಯಂ. ನಾನು ತಲೆ ಚಚ್ಚಿಕೊಳ್ಳುವುದೊಂದೇ ಬಾಕಿ.

ಶಾಲೆಯಲ್ಲಿ ಹಮೀದ್ ಮಾಸ್ತರರು ಎಂಬ ಹಿರಿಯರಿದ್ದರು. ಅವರಿಗೆ ಎಲ್ಲ ಹೇಳಿಕೊಂಡೆ. ಅವರು ತಂಬಾಕು ತಿಕ್ಕುತ್ತಾ ಕೇಳಿ, "ಆ ಅಮ್ಮ ಕೆಟ್ಟಾಕಿ ಅಲ್ಲ. ಸೀದಾ ಹೇಳ್ರಿ. ಹೇಳ್ಲಿಕ್ಕ ಆಗಲಿಲ್ಲಾ, ಗಡ್ಡಿ ಕಿತ್ತು ತರ್ರಿ, ನಮ್ಮ ಹಿತ್ತಲದಾಗ ಜಗಾ ಅದ. ಎರಡರಾಗ ಒಂದು ಇದೇ ವಾರ ಮಾಡ್ರಿ" ಎಂದರು. ಎರಡೂ ಸುಲಭದ ಮಾತೇ. ಆ ವಾರ ಮಾಡಲಿಲ್ಲ, ಮುಂದಿನ ವಾರವೂ ಮಾಡಲಿಲ್ಲ. ಯಾಕೆ ಕೀಳುತ್ತೀರಿ ಎಂದು ಕೇಳಿದರೆ ಏನು ಹೇಳಲಿ ಎಂದು ಯೋಚಿಸುತ್ತಾ ಹೊಲಗಳಲ್ಲಿ ಎಳೆ ಜೋಳದ ಸೀತನಿ ಸುಡುವ ಕಾಲ ಬಂತು, ಹೋಯಿತು.

ಕೊನೆಗೆ ಪುಷ್ಯದಲ್ಲಿ ಒಂದು ಭಾನುವಾರ ಮಣ್ಣು ಕೆದಕುವ ಕುರ್ಪಿ ಹಿಡಿದುಕೊಂಡು ಕೂತೆ. ಮಣ್ಣಿಗೆ ತಾಕಿಸಿದ್ದೇ ತಡ, ಶರಣವ್ವನವರು ಒಳಗಿನಿಂದ ಧಾವಿಸಿ ಬಂದರು.  "ಮಾಸ್ತರ, ಕುರ್ಪಿ ತಗೀರಿ. ಎರಡು ತಿಂಗಳು ದೇವರ ನೀರು ಬಿದ್ದ ಮಣ್ಣದು. ಅದಕ್ಕ ಕಬ್ಬಿಣ ತಾಕಿಸಬಾರದು. ತುಳೀಲೂ ಬಾರದು" ಎಂದರು. ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ನನಗೆ ಏನಾದರೂ ಕೆಡುಕಾದೀತು ಎಂಬ ಹೆದರಿಕೆ ಅದು. ಅಂದಿನಿಂದ ನನ್ನ ಗಡ್ಡೆಗಳು ನನ್ನವಾಗಿ ಉಳಿಯಲಿಲ್ಲ. ನಾನೇ ತುಂಬಿದ ಮಣ್ಣನ್ನು ನಾನೇ ಮುಟ್ಟುವಂತಿರಲಿಲ್ಲ. ಅವರು ಕೆಟ್ಟವರಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ನನಗೆ ಜ್ವರ ಬಂದಾಗ ಗಂಜಿ ಮಾಡಿ ಬಾಗಿಲಲ್ಲಿಟ್ಟು, ತಿಂದೆನೋ ಇಲ್ಲವೋ ಎಂದು ಹೊರಗೆ ಕೂತು ಕಾದವರು ಅವರು.

ಚೈತ್ರ ಬಂತು. ಫರಸಿಯ ಮೇಲೆ ಕಾಲಿಟ್ಟರೆ ಬೊಬ್ಬೆ ಏಳುವಂಥ ಬಿಸಿಲು. ಊರಿಗೆ ಊರೇ ಒಣಗಿ ಬಿರುಕು ಬಿಟ್ಟಾಗ ಆ ಮೊಳದಗಲ ಮಣ್ಣು ಮಾತ್ರ ಹಸಿಯಾಗಿ, ಮೇಲೆ ಹಸಿರು ಪಾಚಿ ಕಟ್ಟಿ ಹೊಳೆಯುತ್ತಿತ್ತು. ಹೂವು ಬರಲಿಲ್ಲ. ನಾನು ಬಗ್ಗಿ ಬಗ್ಗಿ ನೋಡಿದೆ. ಯುಗಾದಿ ಕಳೆಯಿತು, ಬರಲಿಲ್ಲ. ಒಂದು ಸಂಜೆ ಶರಣವ್ವನವರು ನನ್ನ ಪಕ್ಕ ನಿಂತು ನಿಟ್ಟುಸಿರು ಬಿಟ್ಟು, "ಬ್ಯಾಸರ ಮಾಡ್ಕೋಬ್ಯಾಡ್ರಿ. ದೇವರ ನೀರು ಹಾಕಿದ್ರೂ ಬರಲಿಲ್ಲ ಅಂದ್ರ ನೆಟ್ಟ ಕೈಯಾಗ ಗುಣ ಇಲ್ಲ ಅಂತ ತಿಳೀಬೇಕು. ಎಲ್ಲರಿಗೂ ಕೈಗುಣ ಇರಂಗಿಲ್ರಿ" ಎಂದರು. ಸಮಾಧಾನ ಮಾಡಲೆಂದೇ ಹೇಳಿದ ಮಾತು. ನನಗೆ ಮೈಯೆಲ್ಲ ಉರಿದು, ಹೊರಗೆ ಹೋಗಿ ಸ್ಟೇಷನ್ನಿನವರೆಗೆ ನಡೆದು ಬಂದೆ.

ವೈಶಾಖದಲ್ಲಿ ಅವ್ವ ಬಂದಳು. ಸೇಡಂವರೆಗೆ ಬಂಡಿ, ಅಲ್ಲಿಂದ ರೈಲು. ಕಂಕುಳಲ್ಲಿ ಒಂದು ಬುಟ್ಟಿ, ಬುಟ್ಟಿಯಲ್ಲಿ ಒಣ ಉಸುಕು, ಗಡ್ಡೆ ಇಟ್ಟುಕೊಂಡು ಹೋಗಲು. ಬಂದವಳೇ ಖುಷಿಯಿಂದ ಹೇಳಿದಳು, "ಕಟ್ಟಿ ಕಟ್ಟಿಸೀನಿ ತಮ್ಮಾ, ಎದಿ ಎತ್ತರ. ಊರಾಗ ಗದ್ದಬಾವು ಎದ್ದದ. ಗೌಡ್ರ ಮನಿಯಾಗ ಎರಡು ಕೂಸಿಗಿ ಬಂದದ. ಗೌಡಸ್ಯಾನಿ ಮನ್ನಿ ಎರಡು ಸರ್ತಿ ಆಳು ಕಳಿಸ್ಯಾರ, ಯಲ್ಲವ್ವಗ ಬಾ ಅನ್ರಿ ಅಂತ. ನಾಳಿ ತರ್ತೀನಿ ಅಂತ ಹೇಳಿ ಬಂದೀನಿ." ನನಗೆ ಹೂವು ಬರಲಿಲ್ಲ ಎಂದು ಹೇಳುವಷ್ಟು ಮಾತ್ರ ಆಯಿತು. ಆಕೆ ನನ್ನ ಮುಖ ನೋಡಿ ಬುಟ್ಟಿ ಕೆಳಗಿಟ್ಟಳು.

ಶರಣವ್ವನವರು ಅವ್ವನನ್ನು ಚೆನ್ನಾಗಿಯೇ ಮಾತಾಡಿಸಿದರು. ಬೇವಿನ ನೆರಳಲ್ಲಿ ಚಾಪೆ ಹಾಸಿ, ರೊಟ್ಟಿ ಪಲ್ಯ ತಂದಿಟ್ಟರು. ಗಡ್ಡೆ ತೆಗೆಯಬೇಕು ಎಂದಾಗ ಸ್ವಲ್ಪ ಯೋಚಿಸಿ, "ನಿನ್ನ ತವರಿಂದು, ನೀ ಮುಟ್ಟಿದ್ರ ದೋಷ ಇಲ್ಲ. ಕಬ್ಬಿಣ ಬ್ಯಾಡ, ಕೈಲೆ ತಗಿಯವ್ವ" ಎಂದರು.

ಅವ್ವ ಬೆರಳಿನಿಂದ ಬಗೆದಳು. ಮೊದಲ ಹಿಡಿಗೇ ಪಾಚಿ ಬಂತು, ಎರಡನೆಯ ಹಿಡಿಗೆ ಕರಿ ಲೋಳೆ. ಕರ್ಪೂರದ ವಾಸನೆ ಇರಬೇಕಾದಲ್ಲಿ ಕೊಳೆತ ನಾರಿನ ನಾತ. ಇನ್ನೂ ಆಳಕ್ಕೆ ಕೈ ಹಾಕಿ, ಮೂಲೆ ಮೂಲೆ ತಡಕಿದಳು. ಒಂದು ಗಟ್ಟಿ ಚೂರೂ ಸಿಗಲಿಲ್ಲ. ತೊಯ್ದ ಮಣ್ಣನ್ನು ಹಿಂಡಿ ನೋಡಿದಳು. ಸುತ್ತ ಒಣಗಿದ ಅಂಗಳ ನೋಡಿದಳು. ಬಾಗಿಲ ಪಕ್ಕ ಗೋಡೆಗೆ ಒರಗಿಸಿ ಇಟ್ಟಿದ್ದ ಹಿತ್ತಾಳೆಯ ತಾಟನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆಕೆಗೆ ಎಲ್ಲ ತಿಳಿದುಬಿಟ್ಟಿತು.

ಇನ್ನು ಸಾಕು, ಹೇಳಿಯೇ ಬಿಡುತ್ತೇನೆ ಎಂದು ಬಾಯಿ ತೆರೆದೆ. "ಅವ್ವಾರ, ಇದು ನೀರು..." ಎನ್ನುವಷ್ಟರಲ್ಲಿ ಅವ್ವ ಕೆಸರುಗೈಯಿಂದ ನನ್ನ ಪಾದವನ್ನು ಒತ್ತಿ ಹಿಡಿದಳು.

"ನನ್ನ ಮಗಂದು ಕೈ ಸರಿ ಇಲ್ರಿ ಅವ್ವಾರ," ಎಂದಳು. "ಸಣ್ಣಂವ ಇದ್ದಾಗಿಂದ ಹಂಗೇ. ಏನು ನೆಟ್ರೂ ಹತ್ತಂಗಿಲ್ಲ. ನಂದೇ ತಪ್ಪು, ಇಂವನ ಕೈಯಾಗ ಕೊಡಬಾರದಿತ್ತು."

"ನಾನೂ ಅದೇ ಹೇಳ್ದೆ ನೋಡು," ಎಂದರು ಶರಣವ್ವನವರು. ಅವರ ಕಣ್ಣಲ್ಲಿ ನೀರಿತ್ತು. "ಐದಾರು ತಿಂಗಳು ನಾ ಭಾಳ ಬೇಡ್ಕೊಂಡೆ ಯಲ್ಲವ್ವ. ನಿನ್ನ ಮಗಗ ಆ ಗಿಡದ ಮ್ಯಾಲ ಜೀವ ಇತ್ತು, ಅದಕ್ಕ."

"ನಿಮ್ಮ ಪುಣ್ಯಾ ದೊಡ್ಡದ್ರಿ" ಎಂದು ಅವ್ವ ಬಗೆದ ಮಣ್ಣನ್ನು ಮತ್ತೆ ಗುಂಡಿಗೆ ತುಂಬಿ, ಅಂಗೈಯಿಂದ ತಟ್ಟಿ ಸಮ ಮಾಡಿದಳು.

ಸ್ಟೇಷನ್ನಿನಲ್ಲಿ ರೈಲು ಬರುವುದು ತಡವಾಗಿತ್ತು. ಅವ್ವ ಕಂಬಕ್ಕೆ ಒರಗಿ ಕೂತಿದ್ದಳು. ಬುಟ್ಟಿಯ ಉಸುಕನ್ನು ಹಳಿಯ ಪಕ್ಕ ಸುರಿದು ಬಂದಿದ್ದಳು, ಭಾರ ಯಾಕೆ ಎಂದು. ನನಗೆ ತಡೆಯಲಾಗಲಿಲ್ಲ. "ಯದಕ್ಕ ಸುಳ್ಳು ಹೇಳ್ದಿ? ನಾ ಹೇಳ್ತಿದ್ದೆ" ಎಂದೆ.

"ಹೇಳಿದ್ರ ಗಡ್ಡಿ ಬರ್ತಿತ್ತೇನು?"

"ಆಕಿಗಿ ಗೊತ್ತರೆ ಆಗ್ತಿತ್ತು."

"ಆಕಿಗಿ ಗೊತ್ತಾಗಿ? ಆಕಿ ದೇವರಿಗೇ ನೀ ತಪ್ಪು ಹೊರಿಸಿದಂಗ ಆಗ್ತಿತ್ತು. ಆಮ್ಯಾಲ ನೀ ಎಲ್ಲಿ ಇರ್ತಿದ್ದಿ?" ಎಂದಳು. ಖಾಲಿ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು, "ಮತ್ತ ಐದು ಮನಿ ತಿರಗ್ತಿದ್ದಿ ಏನು? ಖೋಲಿ ಛಲೋ ಅದ. ಇರು" ಎಂದಳು. ಗೌಡರ ಮನೆಗೆ ಏನು ಹೇಳುತ್ತೀ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಏನು ಹೇಳಿದಳೋ ಮುಂದೆ ಊರಿನವರಿಂದ ತಿಳಿಯಿತು. ಗೌಡರ ಮನೆಯ ಮೆಟ್ಟಿಲ ಕೆಳಗೆ ನಿಂತು, ಗಡ್ಡೆ ಇಲ್ಲ, ಸತ್ತು ಹೋಯಿತು ಎಂದಳಂತೆ. ಅವರು ಚಿಂಚೋಳಿಯಿಂದ ಡಾಕ್ಟರರನ್ನು ಕರೆಸಿದರು. ಮಕ್ಕಳು ವಾಸಿಯಾದರು. ಆ ಬೇಸಿಗೆ ಇನ್ನೂ ಮೂರು ನಾಲ್ಕು ಮನೆಯವರು ಬಾಗಿಲಿಗೆ ಬಂದು ಕೇಳಿ ಹೋದರಂತೆ. ಮರುವರ್ಷ ಒಬ್ಬರೋ ಇಬ್ಬರೋ. ಆಮೇಲೆ ಯಾರೂ ಬರಲಿಲ್ಲ. ಎದೆಯೆತ್ತರದ ಆ ಕಟ್ಟೆಯಲ್ಲಿ ಅವ್ವ ಮೆಣಸಿನಗಿಡ ಹಾಕಿಕೊಂಡಳು. ನನ್ನ ಮುಂದೆ ಒಮ್ಮೆಯೂ ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ನನಗೆ ಇಷ್ಟು ವರ್ಷ ಈ ಸಿಟ್ಟು ಹೊತ್ತು ತಿರುಗುವ ಪ್ರಮೇಯ ಬರುತ್ತಿರಲಿಲ್ಲವೇನೋ. ಸಿಟ್ಟು ಶರಣವ್ವನವರ ಮೇಲೆ ಎಂದು ಮೊದಲು ಅಂದುಕೊಂಡಿದ್ದೆ.

ಅವರ ಖೋಲಿಯಲ್ಲಿ ನಾನು ಮತ್ತೆ ಎರಡು ವರ್ಷ ಇದ್ದೆ. ಗಿಡ ಕೊಂದದ್ದು ಆ ನೀರೇ ಎಂದು ಒಂದು ದಿನವೂ ಹೇಳಲಿಲ್ಲ.